ಮಾರುವ ಮನೆಗೆ ಹೊಸ ಅಡುಗೆಮನೆ

ಬಾಡಿಗೆಗೆ ಕೊಟ್ಟಿದ್ದ ಮನೆಯನ್ನು ಮಾರುವ ಮೊದಲು ಅದರ ಅಡುಗೆಮನೆಯನ್ನು ಕಡಿಮೆ ಖರ್ಚಿನಲ್ಲಿ ಹೊಸದು ಮಾಡಿಸುವುದು ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದವರೆಗೆ ರೂಢಿಯಲ್ಲಿರುವ ವ್ಯವಹಾರ. ಮನೆ ನೋಡಲು ಬಂದವರು ಮಲಗುವ ಕೋಣೆಯನ್ನು ಬಾಗಿಲಲ್ಲೇ ನಿಂತು ಇಣುಕುತ್ತಾರೆ. ಅಡುಗೆಮನೆಯಲ್ಲಿ ಮಾತ್ರ ಕಪಾಟು ತೆಗೆದು, ನಲ್ಲಿ ತಿರುಗಿಸಿ, ಕಟ್ಟೆಯ ಮೇಲೆ ಕೈಯಾಡಿಸಿ ನೋಡುತ್ತಾರೆ. ಹಾಗಾಗಿ ಮಾರುವವನ ದುಡ್ಡು ಮೊದಲು ಅಲ್ಲಿಗೇ ಹೋಗುತ್ತದೆ. ಕಪಾಟಿನ ಪೆಟ್ಟಿಗೆಗಳನ್ನು ಹಾಗೇ ಉಳಿಸಿ ಶಟರ್‌ಗಳನ್ನಷ್ಟೇ ಬದಲಿಸುವುದು, ಪ್ಲೈವುಡ್ ಇರಬೇಕಾದಲ್ಲಿ ಪಾರ್ಟಿಕಲ್ ಬೋರ್ಡ್ ಹಾಕುವುದು, ಹಳೆಯ ಟೈಲ್ಸ್ ಕೀಳದೆ ಅದರ ಮೇಲೆಯೇ ಹೊಸದನ್ನು ಅಂಟಿಸುವುದು, ಒಸರುವ ಗೋಡೆಗೆ ಪುಟ್ಟಿ ಬಳಿದು ಬಣ್ಣ ಹೊಡೆಯುವುದು – ಖರ್ಚು ಉಳಿಸುವ ದಾರಿಗಳು ಹೆಚ್ಚಾಗಿ ಇಂಥವು. ಯಾವುದು ಎಷ್ಟು ಬಾಳುತ್ತದೆ ಎಂಬುದನ್ನು ಬಡಗಿ ಹೇಳಬಲ್ಲ. ತಾನು ಅಡುಗೆ ಮಾಡದ ಒಲೆಯ ಸುತ್ತ, ಕೊಳ್ಳುವವನ ಕಣ್ಣಿಗಾಗಿಯೇ ಸಿಂಗಾರ ಮಾಡಿ, ಸಿಂಗಾರಕ್ಕೆ ತಗಲಿದ್ದಕ್ಕಿಂತ ಹೆಚ್ಚಿಗೆ ಪಡೆಯುವುದು ಎಲ್ಲಿಯವರೆಗೆ ನ್ಯಾಯ, ಎಲ್ಲಿಂದಾಚೆ ಮೋಸ ಎಂಬುದು ಮಾತ್ರ ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆ. ಅದು ಹಳೆಯ ಪ್ರಶ್ನೆ. ಪ್ರಾಚೀನರ ಉದಾಹರಣೆಗಳಲ್ಲಿ ಮನೆ, ಧಾನ್ಯ, ಕುದುರೆ, ದಾಸ ಬರುತ್ತಾರೆ. ಮಾಡ್ಯುಲರ್ ಕಿಚನ್ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಯಹೂದಿ ಧರ್ಮಶಾಸ್ತ್ರ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿದೆ. ಕ್ರಿ.ಶ. 200ರ ಆಸುಪಾಸಿನಲ್ಲಿ ಸಂಕಲನಗೊಂಡ ಮಿಶ್ನಾದ 'ಬಾವಾ ಮೆಟ್ಸಿಯಾ' ಪ್ರಕರಣದ ಪ್ರಕಾರ, ಮಾರಾಟಕ್ಕಿಟ್ಟ ದಾಸನನ್ನಾಗಲಿ ಪ್ರಾಣಿಯನ್ನಾಗಲಿ ಪಾತ್ರೆಯನ್ನಾಗಲಿ ಸಿಂಗರಿಸಕೂಡದು. ಅಕ್ಷರಶಃ ಪಾಲಿಸಿದರೆ ಮಾರುವ ಮನೆಗೆ ಸುಣ್ಣವನ್ನೂ ಬಳಿಯುವಂತಿಲ್ಲ. ಬ್ಯಾಬಿಲೋನಿನ ತಾಲ್ಮುದ್ ಈ ಬಿಗಿಯನ್ನು ಸಡಿಲಿಸಿತು: ಹೊಸ ಪಾತ್ರೆಗೆ ಬಣ್ಣ ಹಾಕಬಹುದು, ಹಳೆಯದಕ್ಕೆ ಹಾಕಬಾರದು. ಹೊಸದರ ಮೇಲಿನ ಬಣ್ಣ ಚೆಲುವನ್ನು ಹೆಚ್ಚಿಸುತ್ತದೆ. ಹಳೆಯದರ ಮೇಲಿನ ಬಣ್ಣ ವಯಸ್ಸನ್ನು ಮುಚ್ಚುತ್ತದೆ. ಇದೇ ಸಂದರ್ಭದಲ್ಲಿ ಒಂದು ಕತೆಯಿದೆ. ತಲೆಗೂ ಗಡ್ಡಕ್ಕೂ ಬಣ್ಣ ಹಚ್ಚಿಕೊಂಡ ಮುದಿ ದಾಸನೊಬ್ಬ ತನ್ನನ್ನು ಕೊಂಡುಕೊಳ್ಳಿರೆಂದು ರಾವಾ ಎಂಬ ಪಂಡಿತನಲ್ಲಿಗೆ ಬಂದ. ರಾವಾ ಒಲ್ಲೆನೆಂದ. ರಾವ್ ಪಾಪಾ ಬಾರ್ ಶಮುವೇಲ್ ಎಂಬ ಇನ್ನೊಬ್ಬ ಪಂಡಿತ ಕೊಂಡ. ಒಂದು ದಿನ ಕುಡಿಯಲು ನೀರು ತಾ ಎಂದು ಒಡೆಯ ಕೇಳಿದಾಗ, ದಾಸ ತಲೆಗಡ್ಡ ತೊಳೆದುಕೊಂಡು ಬೆಳ್ಳಗಾಗಿ ನಿಂತು, ನೋಡು, ನಿನ್ನ ಅಪ್ಪನಿಗಿಂತ ನಾನು ದೊಡ್ಡವನು ಎಂದುಬಿಟ್ಟ. ಕಪಾಟುಗಳು ಹೀಗೆ ತಾವಾಗಿ ಬಾಯಿ ಬಿಡುವುದಿಲ್ಲ. ಅವುಗಳ ಪರವಾಗಿ ಮುಂದಿನ ಮಳೆಗಾಲ ಮಾತಾಡುತ್ತದೆ.

ಅದೇ ಪ್ರಕರಣದಲ್ಲಿ ಅಬ್ಬಾ ಶಾವುಲ್ ಎಂಬಾತ ಹೊಟ್ಟುಕಸ ತೆಗೆದು ಹಸನು ಮಾಡಿದ ಕಾಳನ್ನು ಮಾರುವುದನ್ನೇ ಒಪ್ಪುವುದಿಲ್ಲ. ಉಳಿದ ಪಂಡಿತರು ಒಪ್ಪುತ್ತಾರೆ, ಏಕೆಂದರೆ ಹಸನುಗೊಂಡ ಕಾಳು ನಿಜಕ್ಕೂ ಮೇಲು. ಆದರೆ ಕಣಜದ ಬಾಯಿಯಲ್ಲಿರುವ ಕಾಳನ್ನು ಮಾತ್ರ ಹಸನು ಮಾಡಿ ಕೆಳಗಿನದನ್ನು ಹಾಗೇ ಬಿಡುವುದನ್ನು ಅವರೂ ಒಪ್ಪುವುದಿಲ್ಲ. ಅದು ನೋಡುವವನ ಕಣ್ಣನ್ನೇ ಕದ್ದಂತೆ ಎನ್ನುತ್ತಾರೆ. ಶಟರ್ ಮಾತ್ರ ಬದಲಿಸುವ ಅಡುಗೆಮನೆಗೆ ಇದಕ್ಕಿಂತ ಹತ್ತಿರದ ದೃಷ್ಟಾಂತ ಬೇಕಿಲ್ಲ. ಪೆಟ್ಟಿಗೆ ಗಟ್ಟಿಯಾಗಿದ್ದು ಬಾಗಿಲಷ್ಟೇ ಸವೆದಿದ್ದರೆ ಬಾಗಿಲು ಬದಲಿಸುವುದು ಹಸನು ಮಾಡಿದಂತೆ. ಸಿಂಕಿನ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿ ಪುಡಿಯಾಗುತ್ತಿರುವಾಗ ಅದರ ಮುಂದೆ ಹೊಳೆಯುವ ಲ್ಯಾಮಿನೇಟ್ ಬಾಗಿಲು ಕೂರಿಸಿದರೆ ಅದು ಕಣಜದ ಬಾಯಿಯ ಕೆಲಸ.

ಇಸ್ಲಾಂ ಪರಂಪರೆಯಲ್ಲೂ ಧಾನ್ಯದ ರಾಶಿಯೇ ಸಾಕ್ಷಿ. ಸಹೀಹ್ ಮುಸ್ಲಿಂ ಸಂಕಲನದ ಹದೀಸ್ ಒಂದರಲ್ಲಿ ಪ್ರವಾದಿ ಮುಹಮ್ಮದರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡುತ್ತಾರೆ. ಒಳಗೆ ಒದ್ದೆ. ಮಳೆ ಬಿದ್ದಿತ್ತು ಎನ್ನುತ್ತಾನೆ ವ್ಯಾಪಾರಿ. ಹಾಗಾದರೆ ಒದ್ದೆಯಾದದ್ದನ್ನು ಜನಕ್ಕೆ ಕಾಣುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿ, ಮೋಸ ಮಾಡುವವನು ತಮ್ಮವನಲ್ಲ ಎಂದು ಹೇಳುತ್ತಾರೆ. ಒದ್ದೆ ಕಾಳನ್ನು ಮಾರಬೇಡವೆಂದು ಅವರು ಹೇಳಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ಕ್ರಿ.ಶ. 1111ರಲ್ಲಿ ತೀರಿಕೊಂಡ ಅಲ್ ಗಝಾಲಿ ಇದನ್ನು ಇನ್ನೂ ಸೂಕ್ಷ್ಮಕ್ಕೆ ಎಳೆಯುತ್ತಾನೆ. ಬಟ್ಟೆಯ ಒಳ್ಳೆಯ ಮಗ್ಗುಲನ್ನೇ ತೋರುವುದು, ಕತ್ತಲಲ್ಲಿ ಬಟ್ಟೆ ಬಿಡಿಸುವುದು, ಜೋಡಿ ಕೆರದಲ್ಲಿ ಚೆನ್ನಾಗಿರುವ ಒಂದನ್ನೇ ಮುಂದಿಡುವುದು ಅವನ ಲೆಕ್ಕದಲ್ಲಿ ಮೋಸವೇ.

ಮನೆಯ ಮಾರಾಟವನ್ನೇ ಎತ್ತಿಕೊಂಡು ಎರಡೂ ಕಡೆಯ ವಾದವನ್ನು ಬಿಡಿಸಿಟ್ಟವನು ರೋಮಿನ ಸಿಸೆರೊ. ಕ್ರಿ.ಪೂ. 44ರಲ್ಲಿ ಮಗನಿಗಾಗಿ ಬರೆದ ಕರ್ತವ್ಯ ಕುರಿತ ಗ್ರಂಥದ ಮೂರನೆಯ ಭಾಗದಲ್ಲಿ ಅವನು ಒಬ್ಬ ಸಜ್ಜನನನ್ನು ಕಲ್ಪಿಸುತ್ತಾನೆ. ಅವನ ಮನೆಯಲ್ಲಿ ವಾಸ ಆರೋಗ್ಯಕ್ಕೆ ಒಳ್ಳೆಯದಲ್ಲ, ಕೋಣೆಗಳಲ್ಲಿ ಹಾವು ಹರಿದಾಡುತ್ತವೆ, ಮರಮುಟ್ಟು ಕುಂಬಾಗಿದೆ. ಇದು ಒಡೆಯನಿಗಲ್ಲದೆ ಇನ್ನಾರಿಗೂ ಗೊತ್ತಿಲ್ಲ. ಹೇಳದೆ ಮಾರಬಹುದೇ? ಸ್ಟೋಯಿಕ್ ದಾರ್ಶನಿಕರಲ್ಲೇ ಇದಕ್ಕೆ ಎರಡು ಉತ್ತರ. ಹೇಳದಿರುವುದು ದಾರಿ ತಪ್ಪಿದವನಿಗೆ ದಾರಿ ತೋರದಿರುವುದಕ್ಕಿಂತ ಕೆಟ್ಟದ್ದು, ಏಕೆಂದರೆ ಇಲ್ಲಿ ತಿಳಿದೂ ತಿಳಿದೂ ಇನ್ನೊಬ್ಬನನ್ನು ತಪ್ಪಿಗೆ ನಡೆಸಲಾಗುತ್ತಿದೆ ಎಂದು ತಾರ್ಸಸಿನ ಆಂಟಿಪಾಟರ್ ವಾದಿಸುತ್ತಾನೆ. ಅವನ ಗುರು ಬ್ಯಾಬಿಲೋನಿನ ಡಯೋಜಿನಿಸ್ ಒಪ್ಪುವುದಿಲ್ಲ. ಕೊಳ್ಳೆಂದು ಯಾರೂ ಬಲವಂತ ಮಾಡಿಲ್ಲ. ಕೊಳ್ಳುವವನಿಗೆ ಕಣ್ಣಿದೆ, ನೋಡಿ ತೀರ್ಮಾನಿಸುವ ಬುದ್ಧಿಯಿದೆ. ಅವನ ವಿವೇಚನೆಗೆ ಬಿಟ್ಟ ವಿಷಯದಲ್ಲಿ ಮಾರುವವನ ಮೋಸವೆಲ್ಲಿ ಬಂತು? ಹೇಳದಿರುವುದೇ ಬೇರೆ, ಬಚ್ಚಿಡುವುದೇ ಬೇರೆ ಎಂಬುದು ಅವನ ನಿಲುವು. ದೇವತೆಗಳ ಸ್ವರೂಪದ ಜ್ಞಾನ ಗೋಧಿಯ ಬೆಲೆಗಿಂತ ದೊಡ್ಡದು, ಅದನ್ನು ಹೇಳದಿದ್ದರೆ ಬಚ್ಚಿಟ್ಟಂತಾಯಿತೇ ಎಂದು ಅವನು ಕೆಣಕುತ್ತಾನೆ. ಸಿಸೆರೊ ಆಂಟಿಪಾಟರನ ಕಡೆ ವಾಲುತ್ತಾನೆ: ತನಗೆ ತಿಳಿದದ್ದು ತಿಳಿದರೆ ಎದುರಿನವನಿಗೆ ಹಿತ ಎಂದು ಗೊತ್ತಿದ್ದೂ, ಸ್ವಂತ ಲಾಭಕ್ಕಾಗಿ ಅದು ತಿಳಿಯದಿರಲಿ ಎಂದು ಬಯಸುವುದೇ ಬಚ್ಚಿಡುವಿಕೆ.

ಆದರೂ ಡಯೋಜಿನಿಸನ ವಾದ ಅಷ್ಟು ಸುಲಭಕ್ಕೆ ಬೀಳುವಂಥದ್ದಲ್ಲ. ಹಳೆಯ ಅಡುಗೆಮನೆಯನ್ನು ಹಾಗೇ ತೋರಿಸಿ ಮಾರುವವನು ಅದರ ಆಸರೆ ಪಡೆಯಬಹುದು. ಗೋಡೆಯ ಮೇಲಿನ ತೇವದ ಕಲೆ, ಕಪಾಟಿನ ಮೂಲೆಯಲ್ಲಿ ಗೆದ್ದಲು ಬಿಟ್ಟ ಮಣ್ಣಿನ ಗೆರೆ, ಪ್ಲಗ್ಗಿನ ಸುತ್ತ ಕರಕಲಾದ ಪ್ಲಾಸ್ಟಿಕ್ – ಇವೆಲ್ಲ ಮನೆ ತಾನೇ ಕೊಡುತ್ತಿರುವ ಹೇಳಿಕೆ. ಮಾರುವವನು ಸುಮ್ಮನಿದ್ದರೂ ಗೋಡೆ ಸುಮ್ಮನಿಲ್ಲ. ಹೊಸ ಅಡುಗೆಮನೆ ಕೂರಿಸಿದ ಗಳಿಗೆಯಲ್ಲಿ ಈ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಮೋಸದ ಉದ್ದೇಶ ಇಲ್ಲದೆಯೂ ಅಳಿಸುತ್ತದೆ. ಅಲ್ಲಿಂದ ಮುಂದೆ ಕೊಳ್ಳುವವನಿಗೆ ಕಣ್ಣಿದೆ ಎಂಬ ಮಾತಿಗೆ ಬೆಲೆಯಿಲ್ಲ, ಕಣ್ಣು ಹೋಗಬೇಕಾದ ಜಾಗವನ್ನು ಮಾರುವವನೇ ಮುಚ್ಚಿದ್ದಾನೆ. ಹಾಗಾಗಿ ಕಲೆಗಳು ಹೇಳುತ್ತಿದ್ದುದನ್ನು ಹೇಳುವ ಹೊಣೆ ಅವುಗಳನ್ನು ಅಳಿಸಿದವನ ಮೇಲೆ ಬೀಳುತ್ತದೆ. ಏನನ್ನೂ ರಿಪೇರಿ ಮಾಡದವನಿಗಿಂತ ರಿಪೇರಿ ಮಾಡಿದವನಿಗೆ ಮಾತಿನ ಹೊಣೆ ಹೆಚ್ಚು ಎಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ನ್ಯಾಯ ಇರುವುದು ಅದರಲ್ಲೇ.

ಭಾರತದ ಕಾನೂನಿನ ಭಾಷೆಯಲ್ಲಿ ಇದು ಇನ್ನೂ ಸ್ಪಷ್ಟ. 1872ರ ಕರಾರು ಅಧಿನಿಯಮದ 17ನೆಯ ಕಲಂ ಬರಿಯ ಮೌನವನ್ನು ಸಾಮಾನ್ಯವಾಗಿ ವಂಚನೆ ಎನ್ನುವುದಿಲ್ಲ. ರೋಗ ಹಿಡಿದ ಕುದುರೆಯನ್ನು ಹರಾಜಿನಲ್ಲಿ ಏನೂ ಹೇಳದೆ ಮಾರಿದವನು ವಂಚಕನಲ್ಲ ಎಂಬುದು ಅದರದೇ ದೃಷ್ಟಾಂತ. ಡಯೋಜಿನಿಸ್ ಮೆಚ್ಚುವಂಥ ಮಾತು. ಹತ್ತು ವರ್ಷದ ನಂತರ, 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಸ್ಥಿರಾಸ್ತಿಗೆ ಬೇರೆ ನಿಯಮ ಹಾಕಿತು. ಅದರ 55ನೆಯ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಯಾಗದ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ. ಎದ್ದು ಕಾಣುವ ದೋಷಕ್ಕೆ ಈ ಹೊಣೆಯಿಲ್ಲ. ಈಗ ಪುಟ್ಟಿ ಬಳಿಯುವ ಕೆಲಸವನ್ನು ಈ ಕಲಮಿನ ಎದುರು ಇಟ್ಟು ನೋಡಬೇಕು. ನಿನ್ನೆಯವರೆಗೆ ಎದ್ದು ಕಾಣುತ್ತಿದ್ದ ದೋಷ ಇಂದು ಪತ್ತೆಯಾಗದ ದೋಷವಾಗುತ್ತದೆ. ಅಗ್ಗದ ರಿಪೇರಿ ಮಾರುವವನನ್ನು ಹೊಣೆಯಿಲ್ಲದ ಕಡೆಯಿಂದ ಹೊಣೆಯಿರುವ ಕಡೆಗೆ ತಾನಾಗಿ ದಾಟಿಸಿಬಿಡುತ್ತದೆ.

ಇದಕ್ಕಿಂತ ಬಹಳ ಹಿಂದೆ ಮನುಸ್ಮೃತಿಯ ಎಂಟನೆಯ ಅಧ್ಯಾಯ ಕಲಬೆರಕೆ ಮಾಡಿದ, ತೂಕ ಕಡಿಮೆಯಾದ, ಮರೆಮಾಡಿದ ಸರಕನ್ನು ಮಾರಬಾರದೆಂದು ವಿಧಿಸಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಮನೆ ಮಾರುವ ಕ್ರಮವಿದೆ: ಮನೆಯ ಮುಂದೆ ನೆರೆಯ ಕುಟುಂಬಗಳವರ ಸಮ್ಮುಖದಲ್ಲಿ ಮಾರಾಟವನ್ನು ಸಾರಬೇಕು, ಕೊಳ್ಳುವ ಹಕ್ಕು ಮೊದಲು ದಾಯಾದಿಗಳಿಗೆ, ಆಮೇಲೆ ನೆರೆಯವರಿಗೆ, ಸಾಲ ಕೊಟ್ಟವರಿಗೆ. ಈ ವಿಧಿಯ ಕಾಳಜಿ ಹಕ್ಕಿನ ತಕರಾರಿಗೆ ಸಂಬಂಧಿಸಿದ್ದೇ ಹೊರತು ದೋಷಕ್ಕಲ್ಲ. ಆದರೂ ಯಾವ ಗೋಡೆ ಆಷಾಢದಲ್ಲಿ ಒಸರುತ್ತದೆ ಎಂಬುದು ನೆರೆಮನೆಯವರಿಗೆ ಗೊತ್ತಿರದ ಸಂಗತಿಯೇನಲ್ಲ. ಇಂದು ಅಪಾರ್ಟ್‌ಮೆಂಟಿನ ಕೆಳಮಹಡಿಯವರನ್ನು ಒಂದು ಮಾತು ಕೇಳುವ ಗಿರಾಕಿ ಆ ಪದ್ಧತಿಯ ಪ್ರಯೋಜನವನ್ನೇ ಪಡೆಯುತ್ತಾನೆ.

ಕೊಂಡು, ಸಿಂಗರಿಸಿ, ತಿಂಗಳೊಪ್ಪತ್ತಿನಲ್ಲಿ ಮಾರುವುದೇ ಕಸುಬಾಗಿರುವ ಅಮೆರಿಕದಲ್ಲಿ ಶಾಸನ ಒಂದು ಹೆಜ್ಜೆ ಮುಂದೆ ಹೋಗಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ, ಒಂದೇ ಕುಟುಂಬದ ವಾಸಕ್ಕಾಗಿರುವ ಮನೆಯನ್ನು ಕೊಂಡ 18 ತಿಂಗಳೊಳಗೆ ಮರುಮಾರಾಟಕ್ಕಿಟ್ಟವನು ತಾನು ಗುತ್ತಿಗೆದಾರರಿಂದ ಮಾಡಿಸಿದ ಮಾರ್ಪಾಡು, ರಿಪೇರಿಗಳನ್ನೂ ಕೆಲಸ ಮಾಡಿದವರ ಹೆಸರನ್ನೂ ಕೊಳ್ಳುವವನಿಗೆ ತಿಳಿಸಬೇಕು. ದೋಷವೇನು ಎಂದು ಕೇಳುವ ಹಳೆಯ ನಿಯಮದ ಜೊತೆಗೆ, ಎಲ್ಲೆಲ್ಲಿ ಕೈ ಹಾಕಿದ್ದೀರಿ ಎಂದು ಇದು ಕೇಳುತ್ತದೆ. ಭಾರತದ 2016ರ ರೇರಾ ಕಾಯಿದೆ ಐದು ವರ್ಷದವರೆಗಿನ ಕಟ್ಟಡದೋಷಕ್ಕೆ ಬಿಲ್ಡರನನ್ನು ಹೊಣೆ ಮಾಡುತ್ತದೆ. ತನ್ನ ಫ್ಲ್ಯಾಟನ್ನು ಮರುಮಾರಾಟ ಮಾಡುವ ಒಡೆಯ ಆ ಹಿಡಿತದಿಂದ ಹೊರಗೆ.

ಇನ್ನು ಬೆಲೆಯ ವಿಚಾರ. ಸ್ವಲ್ಪ ಖರ್ಚು ಮಾಡಿ ಹೆಚ್ಚು ಪಡೆಯುವುದೇ ತಪ್ಪೆಂದು ಹೇಳುವವರಿದ್ದಾರೆ. ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಹಾಗೆ ಹೇಳುವುದಿಲ್ಲ. ವಸ್ತುವನ್ನು ಉತ್ತಮಗೊಳಿಸಿ ಹೆಚ್ಚಿನ ಬೆಲೆಗೆ ಮಾರಿದವನು ಪಡೆಯುವುದು ತನ್ನ ಶ್ರಮದ ಪ್ರತಿಫಲ ಎಂಬುದು ಅವನ ಮತ. ಕಾಣುವ ದೋಷವನ್ನು ಹೇಳಬೇಕಾಗಿಲ್ಲ, ಬೆಲೆ ಇಳಿಸಿದರೆ ಸಾಕು; ಒಂದು ಕಣ್ಣಿಲ್ಲದ ಕುದುರೆಯನ್ನು ಕೊಳ್ಳುವವನಿಗೆ ಅದು ಕಾಣುತ್ತಲೇ ಇರುತ್ತದೆ. ಕಾಣದ, ನಷ್ಟವನ್ನೋ ಅಪಾಯವನ್ನೋ ತರುವ ದೋಷವನ್ನು ಹೇಳದೆ ಮಾರುವುದು ಮಾತ್ರ ಪಾಪ. ಈ ಅಳತೆಗೋಲಿನಲ್ಲಿ ಅಗ್ಗದ ಅಡುಗೆಮನೆಯಲ್ಲಿ ತಪ್ಪೇನೂ ಇಲ್ಲ. ಪಾರ್ಟಿಕಲ್ ಬೋರ್ಡನ್ನು ಪಾರ್ಟಿಕಲ್ ಬೋರ್ಡ್ ಎಂದೇ ಹೇಳಿ ಮಾರಿದರೆ, ಕೈಯಲ್ಲಿ ಹೆಚ್ಚು ಹಣವಿಲ್ಲದೆ ಮನೆ ಕೊಂಡವನಿಗೆ ಮೊದಲ ದಿನದಿಂದಲೇ ಅಡುಗೆ ಮಾಡಲು ಜಾಗ ಸಿಗುತ್ತದೆ, ಅದೊಂದು ಉಪಕಾರವೇ. ಅದನ್ನು ನೀರು ತಡೆಯುವ ಪ್ಲೈವುಡ್ ಎಂದು ನಂಬಿಸಿದರೆ, ಇಲ್ಲವೇ ನಂಬಿದ್ದನ್ನು ತಿದ್ದದೆ ಬಿಟ್ಟರೆ, ಅಲ್ಲಿ ಮಾರಾಟವಾದದ್ದು ಬೇರೆಯೇ ವಸ್ತು.

ಇದುವರೆಗಿನ ಚರ್ಚೆಯೆಲ್ಲ ಮಾರುವವನ ಮತ್ತು ಕೊಳ್ಳುವವನ ನಡುವಿನದು. ಹೂಡಿಕೆಯ ಮನೆಯಲ್ಲಿ ಮೂರನೆಯವನೊಬ್ಬನಿದ್ದಾನೆ, ಶಾಸ್ತ್ರಕಾರರು ಅವನತ್ತ ಅಷ್ಟಾಗಿ ನೋಡಿಲ್ಲ. ಮುಚ್ಚದ ಕಪಾಟು, ಸೋರುವ ನಲ್ಲಿಯ ಜೊತೆ ವರ್ಷಗಟ್ಟಲೆ ಅಡುಗೆ ಮಾಡಿದ್ದು ಬಾಡಿಗೆದಾರ. ಅವನು ರಿಪೇರಿ ಕೇಳಿದಾಗ ಸಿಗದ ದುಡ್ಡು ಅವನು ಬೀಗದಕೈ ಕೊಟ್ಟು ಹೋದ ಮಾರನೆಯ ವಾರ ಹೊರಬರುತ್ತದೆ. ಅರಿಸ್ಟಾಟಲ್ ತನ್ನ 'ರಾಜಕೀಯ' ಗ್ರಂಥದ ಮೊದಲ ಭಾಗದಲ್ಲಿ, ಕೆರಕ್ಕೆ ಎರಡು ಉಪಯೋಗವೆನ್ನುತ್ತಾನೆ: ಮೆಟ್ಟುವುದು, ವಿನಿಮಯ ಮಾಡುವುದು. ಎರಡನೆಯದೂ ಕೆರದ ಉಪಯೋಗವೇ, ಆದರೆ ಕೆರ ಹುಟ್ಟಿದ್ದು ಅದಕ್ಕಾಗಿ ಅಲ್ಲ. ಹೂಡಿಕೆಯ ಮನೆಯ ಅಡುಗೆಮನೆ ಮೊದಲ ಉಪಯೋಗದಲ್ಲಿದ್ದಷ್ಟು ಕಾಲ ಖರ್ಚು, ಎರಡನೆಯದಕ್ಕೆ ಬಂದಾಗ ಬಂಡವಾಳ. ಕಾನೂನು ಇದನ್ನು ತಪ್ಪೆನ್ನುವುದಿಲ್ಲ. ಆದರೆ ಕೊಳ್ಳುವವನಿಗೆ ಎಲ್ಲವನ್ನೂ ಹೇಳಿ ಮಾರಿದ ಪ್ರಾಮಾಣಿಕನೂ ಬಾಡಿಗೆದಾರನ ಈ ಲೆಕ್ಕದಲ್ಲಿ ಸಾಲಗಾರನಾಗಿಯೇ ಉಳಿಯಬಹುದು. ಮೂರು ವರ್ಷ ಮೊದಲೇ ಅದೇ ಅಡುಗೆಮನೆ ಮಾಡಿಸಿದ್ದರೆ ಇಬ್ಬರಿಗೂ ಸಲ್ಲುತ್ತಿತ್ತು, ಅದರ ಬಾಳಿಕೆ ಎಂಥದ್ದೆಂದು ಮಾರುವ ಹೊತ್ತಿಗೆ ಎಲ್ಲರಿಗೂ ಕಾಣುತ್ತಿತ್ತು ಕೂಡ.

ಕೊನೆಗೆ ಉಳಿಯುವುದು ನಂಬಿಕೆಯ ದೋಷಗಳು. ಕರ್ನಾಟಕದಲ್ಲಿ ಹೊಸ ಮನೆಗೆ ಕಾಲಿಟ್ಟವರು ಮೊದಲು ಮಾಡುವ ಕೆಲಸ ಒಲೆ ಹಚ್ಚಿ ಹಾಲು ಉಕ್ಕಿಸುವುದು. ಒಲೆ ಆಗ್ನೇಯದಲ್ಲಿ ಇರಬೇಕೆಂದು ವಾಸ್ತು ನಂಬುವವರು ನೋಡಿಯೇ ನೋಡುತ್ತಾರೆ. ವಾಸ್ತುವನ್ನು ತಾನು ನಂಬದೆ, ಗಿರಾಕಿ ನಂಬುತ್ತಾನೆಂದು ಒಲೆಯ ಜಾಗ ಬದಲಿಸುವ ಮಾಲೀಕ ಮೋಸಗಾರನೇ? ಅಲ್ಲ. ಒಲೆ ಎಲ್ಲಿದೆಯೋ ಅಲ್ಲಿ ನಿಜವಾಗಿಯೇ ಇದೆ, ದಿಕ್ಸೂಚಿ ಹಿಡಿದು ಯಾರೂ ನೋಡಬಹುದು. ಈ ಮನೆಯಲ್ಲಿದ್ದವರೆಲ್ಲ ಒಲೆಯ ದಿಕ್ಕಿನಿಂದಲೇ ಉದ್ಧಾರವಾದರು ಎಂದು ಕತೆ ಕಟ್ಟಿದರೆ ಮಾತ್ರ ಸುಳ್ಳಾಗುತ್ತದೆ. ನಂಬಿಕೆಗೆ ಸಂಬಂಧಿಸಿದ್ದೆಲ್ಲ ಕಾನೂನಿನ ಹೊರಗೆ ಎಂದೂ ತಿಳಿಯಬಾರದು. ಸಿಸೆರೊ ಹೇಳುವ ನಿಜಪ್ರಕರಣವೊಂದರಲ್ಲಿ ರೋಮಿನ ಶಕುನಾಧಿಕಾರಿಗಳು ಕೇಲಿಯನ್ ಗುಡ್ಡದ ಮೇಲಿನ ಟೈಬೀರಿಯಸ್ ಕ್ಲಾಡಿಯಸ್ ಸೆಂಟುಮಾಲಸನ ಮನೆಯ ಎತ್ತರ ಶಕುನ ನೋಡಲು ಅಡ್ಡವಾಗುತ್ತದೆಂದು ಅಷ್ಟು ಭಾಗ ಕೆಡವಲು ಆಜ್ಞಾಪಿಸಿದ್ದರು. ಅವನು ಆಜ್ಞೆಯನ್ನು ಹೇಳದೆ ಮನೆ ಮಾರಿದ. ಕೊಂಡ ಕ್ಯಾಲ್ಪೂರ್ನಿಯಸ್ ಲನೇರಿಯಸನಿಗೆ ಅದೇ ಆಜ್ಞೆ ಬಂತು, ಅವನು ಕೆಡವಿದ, ಆಮೇಲೆ ಸಂಗತಿ ತಿಳಿದು ನ್ಯಾಯ ಕೇಳಿದ. ನ್ಯಾಯಾಧೀಶನಾಗಿದ್ದ ಮಾರ್ಕಸ್ ಕೇಟೊ, ಶಕುನ ನಿಜವೋ ಸುಳ್ಳೋ ಎಂಬುದಕ್ಕೆ ಹೋಗದೆ, ಮಾರುವಾಗ ಗೊತ್ತಿದ್ದೂ ಹೇಳಲಿಲ್ಲ ಎಂಬ ಒಂದೇ ಕಾರಣಕ್ಕೆ ನಷ್ಟವನ್ನು ಮಾರಿದವನೇ ತುಂಬಿಕೊಡಬೇಕೆಂದು ತೀರ್ಪು ಕೊಟ್ಟ.