ಚುಕ್ತಾ ಆದ ಮೇಲೆ

ಸಾಲದ ಖಾತೆ ಕಾಯಂ ಆಗಿ ಮುಚ್ಚಿತು ಎಂದರೆ ಏನರ್ಥ? ಮೂವತ್ತು ಚಿಲ್ಲರೆ ವರ್ಷ ಮುಂಬಯಿಯ ಬ್ಯಾಂಕುಗಳಲ್ಲಿ ಕೂತು ಎದ್ದ ನನಗೆ ಇದು ಸುಲಭದ ಪ್ರಶ್ನೆಯಾಗಬೇಕಿತ್ತು. ಆದರೆ ಸಾಲದ ಲೆಕ್ಕ ಮುಗಿಯುವುದು ಒಂದೇ ಬಗೆಯಲ್ಲಲ್ಲ.

ಅಸಲು, ಬಡ್ಡಿ ಎರಡೂ ಪೂರ್ತಿ ಕಟ್ಟಿದರೆ ಚುಕ್ತಾ. ಅದರಲ್ಲಿ ತಕರಾರಿಲ್ಲ. ಕಟ್ಟಲು ಕೈಲಾಗದವನಿಗೆ ಬ್ಯಾಂಕು "ಇಷ್ಟು ಕೊಡು, ಸಾಕು" ಎಂದರೆ ಅದು ಸೆಟ್ಲ್‌ಮೆಂಟ್. ಬಾಕಿ ಬಿಡುತ್ತಾರೆ, ಆದರೆ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಎಂಬ ಮಾತು ಕೂತು, ಮುಂದಿನ ಸಾಲ ಕೇಳುವಾಗ ಅಡ್ಡ ಬರುತ್ತದೆ. ಇನ್ನೊಂದು ರೈಟ್ ಆಫ್. ಇದನ್ನು ಸಾಲ ಮನ್ನಾ ಎಂದೇ ಊರಲ್ಲಿ ಬಹಳ ಜನ ತಿಳಿಯುತ್ತಾರೆ. ಹಾಗಲ್ಲ ಮಾರಾಯ್ರೆ! ಬಾರದ ಸಾಲವನ್ನು ತನ್ನ ಆಸ್ತಿಯೆಂದು ತೋರಿಸುವುದನ್ನು ಬ್ಯಾಂಕು ನಿಲ್ಲಿಸುತ್ತದೆ, ಅಷ್ಟೆ. ವಸೂಲಿ ಮಾಡುವ ಹಕ್ಕನ್ನು ಇಟ್ಟುಕೊಂಡೇ ಇರುತ್ತದೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಪಾಸ್‌ಬುಕ್ಕಿಲ್ಲದ ಖಾತೆಗಳೇ ಹೆಚ್ಚು. ಬಸ್ ಚಾರ್ಜಿಗೆ ಕೊಟ್ಟ ಮಾವ, ಖೋಲಿಯಲ್ಲಿ ಚಾಪೆ ಹಾಸುವಷ್ಟು ಜಾಗ ಕೊಟ್ಟ ಊರಿನವ, ತಮ್ಮ ಓದಲಿ ಎಂದು ತಾನು ಶಾಲೆ ಬಿಟ್ಟ ಅಣ್ಣ. ತಮ್ಮ ತಿಂಗಳು ತಿಂಗಳು ಮನಿಯಾರ್ಡರ್ ಕಳಿಸಿದ. ತಂಗಿಯ ಮದುವೆಯಾಯಿತು, ಮನೆಯ ಹೆಂಚು ಹೋಗಿ ತಾರಸಿ ಬಂತು. ಯಾರೂ ಏನೂ ಕೇಳಲಿಲ್ಲ. ಆಸ್ತಿ ಪಾಲಿಗೆ ಕೂತ ದಿನ ಮಾತ್ರ ಅಣ್ಣ, "ನಿನ್ನನ್ನು ಬೊಂಬಾಯಿಗೆ ಕಳಿಸಿದ್ದು ಯಾರು?" ಅನ್ನುತ್ತಾನೆ. ತಮ್ಮ, "ಈ ತಾರಸಿ ಯಾರ ದುಡ್ಡಿನದು?" ಅನ್ನುತ್ತಾನೆ. ಇಂಥ ಜಗಳ ಎಷ್ಟು ಮನೆಗಳಲ್ಲಿ ಆಗಿಲ್ಲ? ಲೆಕ್ಕ ಬಿಟ್ಟೆವು ಎಂದು ಇಬ್ಬರೂ ನಂಬಿದ್ದರು. ಇಬ್ಬರೂ ಮಾಡಿದ್ದು ರೈಟ್ ಆಫ್.

ರಿಸರ್ವ್ ಬ್ಯಾಂಕು 2023ರಲ್ಲಿ ಒಂದು ಒಳ್ಳೆಯ ಆದೇಶ ಹೊರಡಿಸಿತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಡವಿಟ್ಟ ಆಸ್ತಿಯ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರನಿಗೆ ಕೊಡಬೇಕು. ಕ್ರೆಡಿಟ್ ಕಾರ್ಡಿಗೂ 2022ರಲ್ಲೇ ನಿಯಮ ಬಂತು: ಬಾಕಿಯಿಲ್ಲದವ ಕೇಳಿದರೆ ಕೆಲಸದ 7 ದಿನಗಳಲ್ಲಿ ಖಾತೆ ಮುಚ್ಚಬೇಕು, ಇಲ್ಲವಾದರೆ ದಿನಕ್ಕೆ 500 ರೂಪಾಯಿ ದಂಡ. ಅಂದರೆ, ಹಣ ಕಟ್ಟುವುದು ಸಾಲಗಾರನ ಕೆಲಸವಾದರೆ, ಖಾತೆಯನ್ನು ನಿಜವಾಗಿ ಮುಚ್ಚುವ ಕೊನೆಯ ಕೆಲಸ ಕೊಟ್ಟವನದು.

"ಅಣ್ಣ ಬಿಟ್ಟ ಓದಿಗೆ ಯಾವ ಮೊತ್ತ ಸಾಟಿ?" ಎಂದು ನೀವು ಕೇಳಬಹುದು. ಯಾವುದೂ ಅಲ್ಲ, ಒಪ್ಪಿದೆ. ಅದನ್ನು ಸಾಯುವವರೆಗೆ ನೆನೆಯುವುದು ತಮ್ಮನ ಧರ್ಮ. ಆದರೆ ತೀರಿಸಲಾಗದ್ದನ್ನು ಸಾಲದ ಲೆಕ್ಕಕ್ಕೆ ಹಿಡಿದು, ಪಾಲಿನ ದಿನ ವಸೂಲಿಗೆ ಇಳಿದರೆ, ಅಲ್ಲಿಯವರೆಗೆ ಬೆಲೆಯಿಲ್ಲದೆ ಇದ್ದ ತ್ಯಾಗಕ್ಕೆ ಅಣ್ಣನೇ ಬೆಲೆ ಕಟ್ಟಿದ ಹಾಗಾಯಿತು. ತಮ್ಮನ ತಾರಸಿಗೂ ಇದೇ ಮಾತು.

ಬೇಕಾದ್ದಿದ್ದರೆ ಇಷ್ಟು ಬೇಕು ಎಂದು ಮೊದಲೇ ಬಾಯಿಬಿಟ್ಟು ಕೇಳುವುದರಲ್ಲಿ ಅವಮಾನವಿಲ್ಲ. ಕೇಳಿ, ಪಡೆದು, ಚುಕ್ತಾ ಬರೆಯಬಹುದು. ಬೇಡವೆಂದು ಬಿಟ್ಟ ಮೇಲೆ ಅಡವಿನ ಪತ್ರ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಾರದು.