ಸುಂಕದ ಕಟ್ಟೆಯನ್ನು ಬಳಸಿ ಹೋಗುವವರು



ವ್ಯಗ್ಘಪಜ್ಜ ಸುತ್ತದಲ್ಲಿ ಬುದ್ಧರು ಗೃಹಸ್ಥರಿಗೆ ಹೇಳುವ ನಾಲ್ಕು ಸಂಪತ್ತುಗಳಲ್ಲಿ ಎರಡನೆಯದು ಆರಕ್ಖ ಸಂಪದಾ. ಬೆವರು ಸುರಿಸಿ ಧರ್ಮದಿಂದ ಗಳಿಸಿದ್ದನ್ನು ರಾಜರು ಒಯ್ಯದಂತೆ, ಕಳ್ಳರು ಕದಿಯದಂತೆ, ಬೆಂಕಿ ನೀರಿನ ಪಾಲಾಗದಂತೆ ಕಾಯ್ದುಕೊಳ್ಳಬೇಕು ಎನ್ನುವ ಮಾತು ಅಲ್ಲಿದೆ. ಕಳ್ಳರ ಸಾಲಿನಲ್ಲೇ ರಾಜರೂ ನಿಂತಿದ್ದಾರೆ ನೋಡಿ.

ನಮ್ಮ ಬಳಗದ ತಮ್ಮನೊಬ್ಬ ಇದನ್ನೇ ಹಿಡಿದುಕೊಂಡ. ಅವನು ಕೆಲಸ ಬಿಟ್ಟು ಮನೆಯಲ್ಲೇ ಷೇರು ಪೇಟೆಯ ಟ್ರೇಡಿಂಗ್ ಮಾಡುತ್ತಾನೆ. ಮೇಲಿನ ಸ್ಲ್ಯಾಬಿಗೆ ಬಂದವರಿಗೆ ಶೇಕಡ 30 ತೆರಿಗೆ, ಅದರ ಮೇಲೆ ಸೆಸ್. ದುಬೈಯಲ್ಲಿ ವ್ಯಕ್ತಿಯ ಆದಾಯಕ್ಕೆ ತೆರಿಗೆಯೇ ಇಲ್ಲ. "ಮೇಷ್ಟ್ರೇ, ಲ್ಯಾಪ್‌ಟಾಪ್ ಇದ್ದರೆ ಎಲ್ಲಿ ಕೂತರೂ ಟ್ರೇಡ್ ಮಾಡಬಹುದು. ಅಲ್ಲಿಗೆ ಹೋದರೆ ಶೀಲ ಕೆಡುತ್ತದಾ? ಬುದ್ಧರೇ ಕಾಪಾಡಿಕೋ ಅಂದಿದ್ದಾರಲ್ಲ" ಎಂದ. ಸುತ್ತವನ್ನು ಓದಿಕೊಂಡು ಬಂದು ಕೇಳಿದ ಪ್ರಶ್ನೆ. ಹಾರಿಕೆಯ ಉತ್ತರ ಕೊಡುವಂತಿರಲಿಲ್ಲ.

ಅದೇ ಬುದ್ಧರು ಅನಾಥಪಿಂಡಿಕನಿಗೆ, ಗಳಿಸಿದ ಹಣ ಸಾರ್ಥಕವಾಗುವ ದಾರಿಗಳನ್ನು ಹೇಳುವಾಗ ಐದು ಬಲಿಗಳನ್ನು ಎಣಿಸುತ್ತಾರೆ. ನೆಂಟರಿಗೆ, ಅತಿಥಿಗಳಿಗೆ, ತೀರಿಹೋದವರಿಗೆ, ರಾಜನಿಗೆ, ದೇವತೆಗಳಿಗೆ. (22 ಪ್ರತಿಜ್ಞೆ ಸ್ವೀಕರಿಸಿದ ನಮಗೆ ತೀರಿಹೋದವರದೂ ದೇವತೆಗಳದೂ ಬೇಡ, ಉಳಿದ ಮೂರು ಸಾಕು.) ರಾಜಬಲಿ ಎಂದರೆ ಕಂದಾಯ, ತೆರಿಗೆ. ಒಂದು ಕಡೆ ರಾಜನಿಂದ ಕಾಪಾಡಿಕೋ, ಇನ್ನೊಂದು ಕಡೆ ರಾಜನಿಗೆ ಕೊಡು. ಮನಬಂದಂತೆ ದೋಚುವವನು ಬೇರೆ, ಸಲ್ಲಬೇಕಾದ ಪಾಲು ಬೇರೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಇನ್ನೂ ನೇರವಾದ ಮಾತು ವಿನಯ ಪಿಟಕದಲ್ಲಿದೆ. ಕಳ್ಳತನಕ್ಕೆ ಸಂಬಂಧಿಸಿದ ಎರಡನೆಯ ಪಾರಾಜಿಕದ ವಿವರಣೆಯಲ್ಲಿ ಸುಂಕದ ಕಟ್ಟೆಯ ಪ್ರಸಂಗ ಬರುತ್ತದೆ. ಸುಂಕ ಸಲ್ಲಬೇಕಾದ 5 ಮಾಸಕ ಬೆಲೆಯ ವಸ್ತುವನ್ನು ಕದಿಯುವ ಮನಸ್ಸಿನಿಂದ ಕಟ್ಟೆ ದಾಟಿಸಿದ ಭಿಕ್ಖು ಅಲ್ಲಿಗೆ ಭಿಕ್ಖುವಾಗಿ ಉಳಿಯುವುದಿಲ್ಲ. ಆದರೆ ಕಟ್ಟೆಯೊಳಕ್ಕೇ ಬಾರದೆ ಬಳಸಿಕೊಂಡು ಹೋದವನಿಗೆ ಅಷ್ಟು ದೊಡ್ಡ ದೋಷವಿಲ್ಲ. ಅವನದು ದುಕ್ಕಟ. ಹಾಗೆಂದರೆ ಕೆಟ್ಟದಾಗಿ ಮಾಡಿದ್ದು. ಕಳ್ಳತನವಲ್ಲ, ಸರಿಯೂ ಅಲ್ಲ.

ನಿಯಮ ಭಿಕ್ಖುಗಳದು, ನಾವು ಉಪಾಸಕರು, ನಿಜ. ಆದರೂ ಅಳತೆಗೋಲು ಅದೇ. ಆದಾಯ ಮುಚ್ಚಿಟ್ಟು ರಿಟರ್ನ್ ಸಲ್ಲಿಸುವವನು ಮೊದಲನೆಯವನು. ತೆರಿಗೆ ಉಳಿಸಲೆಂದೇ ವಿಮಾನ ಹತ್ತುವವನು ಎರಡನೆಯವನು. ಇವನನ್ನು ಕಳ್ಳನೆಂದು ಕರೆಯಲು ನನ್ನ ಬಾಯಿ ಬರುವುದಿಲ್ಲ. ಅಂದಹಾಗೆ ಆ ಬಳಸುದಾರಿಯೂ ಅಷ್ಟು ಸಲೀಸಲ್ಲ. ಭಾರತೀಯ ಪ್ರಜೆಗೆ ಇಲ್ಲಿಯ ಆದಾಯ 15 ಲಕ್ಷ ದಾಟಿದ್ದು, ಬೇರೆ ಯಾವ ದೇಶದಲ್ಲೂ ತೆರಿಗೆಯ ಹೊಣೆ ಇಲ್ಲದಿದ್ದರೆ ಅವನನ್ನು ಇಲ್ಲಿಯ ನಿವಾಸಿಯೆಂದೇ ಎಣಿಸುವ ನಿಯಮವನ್ನು 2020ರ ಹಣಕಾಸು ಕಾಯ್ದೆ ತಂದಿದೆ. ಯೂಟ್ಯೂಬ್ ನೋಡಿ ಹೊರಡುವವರು ಮೊದಲು ಒಳ್ಳೆಯ ಆಡಿಟರನ್ನು ನೋಡಲಿ.

"ಈ ದೇಶ ನಮಗೇನು ಕೊಟ್ಟಿದೆ? ಬಾಡಿಗೆ ಮನೆ ಕೇಳಲು ಹೋದರೆ ಇವತ್ತಿಗೂ ಜಾತಿ ಕೇಳುತ್ತಾರೆ" ಎಂದೂ ಅವನು ಹೇಳಿದ. ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ. ವಿದೇಶದಲ್ಲಿ ಓದಿ 1917ರಲ್ಲಿ ಬರೋಡಕ್ಕೆ ಬಂದ ಬಾಬಾಸಾಹೇಬರಿಗೆ ತಲೆ ಮರೆಸಿಕೊಳ್ಳಲು ಒಂದು ಸೂರು ಸಿಗಲಿಲ್ಲ. ಆಮೇಲೆ ಮುಂಬೈಯಲ್ಲಿ ಷೇರು ವ್ಯವಹಾರದ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆಗಾರ ಅಸ್ಪೃಶ್ಯ ಎಂದು ತಿಳಿದದ್ದೇ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು, ಕಚೇರಿ ಮುಚ್ಚಿತು. ಅವಮಾನವಿಲ್ಲದ ಕಡೆ ಉಸಿರಾಡಬೇಕೆಂದು ಯಾರಾದರೂ ಹೊರಟರೆ ನಾನೇ ಬಸ್‌ಸ್ಟ್ಯಾಂಡಿನವರೆಗೆ ಬ್ಯಾಗು ಹೊತ್ತು ಬರುತ್ತೇನೆ. ಆ ಹೊರಡುವಿಕೆಯೇ ಬೇರೆ. ಯಾವ ಕಾರಣಕ್ಕೆ ಹೊರಟಿದ್ದೇವೆ ಎಂಬುದು ನಮ್ಮ ಚೇತನಕ್ಕಷ್ಟೇ ಗೊತ್ತು, ಪಾಸ್‌ಪೋರ್ಟಿಗೆ ಗೊತ್ತಾಗುವುದಿಲ್ಲ.

ಇದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ನೋಡಬೇಕು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರ ಸಿಗುವ ವಿದ್ಯಾರ್ಥಿವೇತನದಲ್ಲಿ ಈಗ ಕೇಂದ್ರದ ಪಾಲು ಶೇಕಡ 60, ರಾಜ್ಯದ್ದು 40. ಕೇಂದ್ರದ ಆ ಪಾಲು ಬರುವುದು ಆದಾಯ ತೆರಿಗೆಯೂ ಸೇರಿದ ಬೊಕ್ಕಸದಿಂದ. ನಮ್ಮ ತಮ್ಮ ಪಿಯುಸಿ, ಡಿಗ್ರಿ ಮುಗಿಸಿದ್ದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ. ಅವನ ಊಟದ ತಟ್ಟೆಗೆ ಅನ್ನ ಹಾಕಿದವರ ಮುಖ ಅವನಿಗೆ ಗೊತ್ತಿಲ್ಲ. ಕೂಲಿಗೆ ಹೋಗುವ ಅವನ ಅವ್ವನೂ ಅವರಲ್ಲೊಬ್ಬಳು. ಮಗನ ಹತ್ತಿರ ಮಾತಾಡಲು ಮೊಬೈಲಿಗೆ ರೀಚಾರ್ಜ್ ಮಾಡಿಸಿದರೂ ಅದರ ಮೇಲೆ ಶೇಕಡ 18 ಜಿಎಸ್‌ಟಿ ಕಟ್ಟುತ್ತಾಳೆ. ಅವಳಿಗೆ ಬಳಸಿ ಹೋಗುವ ದಾರಿ ಯಾವುದೂ ಇಲ್ಲ.

ಹಾಗೆಂದು ಪಡೆದವರೆಲ್ಲ ಬಾಯಿ ಮುಚ್ಚಿಕೊಂಡು ಕಟ್ಟುತ್ತಿರಬೇಕು ಎಂದಲ್ಲ. ಕಟ್ಟಿದ ಹಣ ಎಲ್ಲಿ ಹೋಯಿತು ಎಂದು ಕೇಳುವುದೂ ನಮ್ಮ ಹಕ್ಕು. ಕೂಟದಂತ ಸುತ್ತದಲ್ಲಿ, ದಂಗೆಕೋರರ ಕಾಟಕ್ಕೆ ಸಿಕ್ಕ ನಾಡಿನ ಮೇಲೆ ತೆರಿಗೆ ಹೇರುವುದು ತಪ್ಪೆಂದು ರಾಜನಿಗೆ ಎದುರಾಎದುರೇ ಹೇಳುವ ಪುರೋಹಿತನಿದ್ದಾನೆ. ರೈತನಿಗೆ ಬೀಜ ಕೊಡು, ವ್ಯಾಪಾರಿಗೆ ಬಂಡವಾಳ ಕೊಡು, ನೌಕರನಿಗೆ ಕೂಲಿ ಕೊಡು ಎಂಬುದು ಅವನ ಸಲಹೆ. ಈ ಭಾನುವಾರ ಅದನ್ನೇ ಓದೋಣ. ದೀಘ ನಿಕಾಯದ ಐದನೆಯ ಸುತ್ತ. ಸಾಧ್ಯವಾದವರು ಒಮ್ಮೆ ಓದಿಕೊಂಡು ಬನ್ನಿ. ವ್ಯಾಪಾರ ಮಾಡುವವರು ತಪ್ಪದೆ ಬನ್ನಿ.

ಜೈ ಭೀಮ್.