ಯಂತ್ರದ ದಾಳವೂ ಯದೃಚ್ಛೆಯೂ

ನನ್ನೊಡನೆ ಬಹುಕಾಲ ಒಂದೇ ಶಾಲೆಯಲ್ಲಿ ಗಣಿತದ ಅಧ್ಯಾಪಕರಾಗಿದ್ದು ಈಗ ವಿಶ್ರಾಂತಿವೇತನವನ್ನು ಪಡೆಯುತ್ತಿರುವ ಮಿತ್ರರೊಬ್ಬರಿದ್ದಾರೆ. ಎರಡು ವರ್ಷಗಳಿಂದ ಅವರಿಗೆ ಬ್ಯಾಕ್‌ಗ್ಯಾಮನ್ ಎಂಬ ಆಟದಲ್ಲಿ ಆಸಕ್ತಿ ಹುಟ್ಟಿದೆ. ಪಾರಸಿಕರು ನರ್ದ್ ಎಂದು ಕರೆದು ಬಹು ಪುರಾತನ ಕಾಲದಿಂದ ಆಡಿಕೊಂಡು ಬಂದ ಆಟದ ವಂಶಕ್ಕೆ ಸೇರಿದುದಿದು. ತುರ್ಕಿ, ಗ್ರೀಸ್ ದೇಶಗಳ ಕಾಫಿ ಅಂಗಡಿಗಳಲ್ಲಿ ಇಂದಿಗೂ ನಡೆಯುತ್ತದೆ. ನಮ್ಮ ಪಗಡೆಯಲ್ಲಿರುವಂತೆ ಇಲ್ಲಿಯೂ ದಾಳವನ್ನುರುಳಿಸಿ ಕಾಯಿಗಳನ್ನು ನಡೆಸತಕ್ಕದ್ದು. ಹಾಸಿನಲ್ಲಿ 24 ಮನೆಗಳು, ಒಬ್ಬೊಬ್ಬರಿಗೆ 15 ಕಾಯಿಗಳು, ಎರಡು ದಾಳಗಳು. ಮಿತ್ರರು ಆಡುವುದು ಮೊಬೈಲ್ ಫೋನಿನಲ್ಲಿ, ಹೆಸರು ಮುಖಗಳನ್ನರಿಯದ ಪರದೇಶದವರೊಡನೆ. ಹಣದ ಪಣವಿಲ್ಲ. ದಾಳವನ್ನು ಹಾಕುವವನು ಅವರೂ ಅಲ್ಲ, ಎದುರಾಳಿಯೂ ಅಲ್ಲ, ಯಂತ್ರ.

ಕಳೆದ ದೀಪಾವಳಿಯಂದು ಬೆಂಗಳೂರಿನಿಂದ ಬಂದ ಅವರ ಮಗನೊಡನೆ ಈ ದಾಳದ ವಿಷಯದಲ್ಲಿಯೇ ಮಾತಿಗೆ ಮಾತು ಬೆಳೆಯಿತು. ಎದುರಾಳಿಗೆ ಬೇಕಾದಾಗಲೆಲ್ಲ ಜೋಡಿ ಆರು ಬೀಳುತ್ತದೆ, ಇದು ದಾಳವಲ್ಲ, ಶಕುನಿ ಎಂದು ತಂದೆ ಅಂದರು. ಕಂಪ್ಯೂಟರಿಗೆ ಕಾರ್ಯಕ್ರಮ ಬರೆಯುವ ಉದ್ಯೋಗದಲ್ಲಿರುವ ಮಗನು ಹಾಗೆ ಮಾಡಬೇಕಾದ ಕಾರಣವಿಲ್ಲವೆಂದು ಸಮಾಧಾನ ಹೇಳಿದನು. "ನಿಮ್ಮ ಕಸುಬೇ ಕಣ್ಣುಕಟ್ಟು, ನಿನಗೆ ಹೇಗೆ ಕಂಡೀತು?" ಎಂದುಬಿಟ್ಟರು ತಂದೆ. ಹುಡುಗನು ಹಬ್ಬದೂಟಕ್ಕೆ ನಿಲ್ಲದೆ ಹೊರಟುಹೋದನು. ಮರುದಿನ ಮಿತ್ರರು ನನ್ನ ಬಳಿಗೆ ಬಂದು, "ಶಾಸ್ತ್ರಿಗಳೇ, ಆ ದಾಳ ನಿಜವಾಗಿಯೂ ಯದೃಚ್ಛೆಯಿಂದ ಬೀಳುವುದೋ ಇಲ್ಲವೋ, ನೀವೇ ಹೇಳಿ" ಎಂದರು. ನಾನು ಯಂತ್ರವನ್ನರಿತವನಲ್ಲ. ಆದರೂ ಪ್ರಶ್ನೆಯು ಮನಸ್ಸಿನಲ್ಲಿ ನಿಂತಿತು. ಆ ಮೇಲೆ ಓದಿಯೂ ಕೇಳಿಯೂ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಗತ್ತಿಗೆ ಕಾರಣವೇನೆಂದು ವಿಚಾರಿಸುತ್ತ ಶ್ವೇತಾಶ್ವತರೋಪನಿಷತ್ತು ಕಾಲ, ಸ್ವಭಾವ, ನಿಯತಿ ಇವುಗಳ ಸಾಲಿನಲ್ಲಿ ಯದೃಚ್ಛೆಯನ್ನೂ ಎಣಿಸುತ್ತದೆ. ನಿಯತಿಯೆಂದರೆ ಹೀಗೆಯೇ ಆಗಬೇಕೆಂಬ ಕಟ್ಟು. ಯದೃಚ್ಛೆಯೆಂದರೆ ಕಟ್ಟಿಲ್ಲದೆ ಬಂದೊದಗುವುದು. ಈ ಲಕ್ಷಣವನ್ನು ಹಿಡಿದು ನೋಡಿದರೆ ಯಂತ್ರದ ದಾಳವು ಸಾಮಾನ್ಯವಾಗಿ ನಿಯತಿಯ ಪಕ್ಷಕ್ಕೇ ಸೇರತಕ್ಕದ್ದು. ಕಂಪ್ಯೂಟರು ದಾಳವನ್ನು ಎಸೆಯುವುದಿಲ್ಲ, ಲೆಕ್ಕ ಮಾಡುತ್ತದೆ. ಬೀಜವೆಂಬ ಒಂದು ಮೊದಲ ಸಂಖ್ಯೆಯನ್ನು ತೆಗೆದುಕೊಂಡು, ಅದನ್ನು ಗುಣಿಸಿ, ಕತ್ತರಿಸಿ, ತಿರುಗಿಸಿ ಮುಂದಿನದನ್ನು ಪಡೆಯುತ್ತದೆ. ಬೀಜವು ಅದೇ ಆದರೆ ಗರಗಳೂ ಅವೇ. ಜಪಾನಿನ ಮಾತ್ಸುಮೊತೊ, ನಿಶಿಮುರ ಎಂಬ ಗಣಿತಜ್ಞರು 1997ರಲ್ಲಿ ರಚಿಸಿದ ಮರ್ಸೆನ್ ಟ್ವಿಸ್ಟರ್ ಎಂಬ ವಿಧಾನವು ಬಹಳ ಬಳಕೆಯಲ್ಲಿದೆ. ಅದರ ಸಾಲು ಮೊದಲಿಗೆ ಹಿಂದಿರುಗಬೇಕಾದರೆ ಹಿಡಿಯುವ ಹೆಜ್ಜೆಗಳ ಸಂಖ್ಯೆಯನ್ನು ಬರೆಯಲು 6002 ಅಂಕೆಗಳು ಬೇಕು! ಆದರೂ ಅದು ಹೊರಗೆಡಹುವ ಪೂರ್ಣ ಸಂಖ್ಯೆಗಳಲ್ಲಿ 624ನ್ನು ಎಡೆಬಿಡದೆ ಕಂಡವನು ಮುಂದಿನವೆಲ್ಲವನ್ನೂ ಹೇಳಬಲ್ಲನು. ಲೆಕ್ಕದಿಂದ ಯದೃಚ್ಛೆಯನ್ನು ಹುಟ್ಟಿಸಹೊರಡುವುದು ಪಾಪವೆಂದು ಫಾನ್ ನಾಯ್ಮನ್ ಎಂಬ ಮಹಾಗಣಿತಜ್ಞನು 1951ರಷ್ಟು ಹಿಂದೆಯೇ ಪರಿಹಾಸ ಮಾಡಿದ್ದನು. ತಾನೂ ಅದೇ ಪಾಪವನ್ನು ಮಾಡಿದವನಾದುದರಿಂದ ಅವನಿಗೆ ಹಾಗೆನ್ನುವ ಅಧಿಕಾರವಿತ್ತು.

ಹಾಗಾದರೆ ಮಿತ್ರರೇ ಗೆದ್ದರೆ? ಅವಸರ ಬೇಡ. ಕೈಯಿಂದ ಎಸೆದ ದಾಳವಾದರೂ ಕಟ್ಟಿಲ್ಲದ್ದೆ? ಬೆರಳು ಕೊಟ್ಟ ವೇಗ, ಅಂಚು ತಾಗಿದ ಕೋನ, ಹಾಸಿನ ಒರಟುತನ ಇವುಗಳಿಂದಲೇ ಅದರ ಬೀಳುವಿಕೆಯೂ ನಿರ್ಣಯವಾಗುತ್ತದೆ. ನಮಗೆ ಅವುಗಳನ್ನು ಅಳೆಯಲು ಬಾರದು, ಅಷ್ಟೆ. ಅದು ಸಮದರ್ಶಿಯೂ ಅಲ್ಲ. ವೆಲ್ಡನ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ಹನ್ನೆರಡು ದಾಳಗಳನ್ನು 26,306 ಸಲ ಎಸೆದು ಬರೆದಿಟ್ಟ ಲೆಕ್ಕವು 1894ರ ಕಾಲದ್ದು. ಐದು, ಆರು ಇವೆರಡು ಮುಖಗಳೂ ಕೂಡಿ ಮೂರರಲ್ಲೊಂದು ಪಾಲು ಬರಬೇಕಷ್ಟೆ. ಅವನಿಗೆ ಹತ್ತು ಸಾವಿರಕ್ಕೆ 3,333ರ ಬದಲು 3,377ರಂತೆ ಬಂದವು. ಚುಕ್ಕೆಗಳಿಗಾಗಿ ಹೆಚ್ಚು ಕೆತ್ತಿದ ಮುಖವು ಹಗುರಾಗಿ ಮೇಲಕ್ಕೆ ನಿಲ್ಲುವುದೇ ಇದರ ಕಾರಣವಿರಬೇಕೆಂದು ತಿಳಿದವರು ಹೇಳುತ್ತಾರೆ. ಒಳ್ಳೆಯ ಯಂತ್ರದಾಳದಲ್ಲಿ ಈ ದೋಷವೂ ಇಲ್ಲ.

ಆದಕಾರಣ ದೋಷವನ್ನು ನಿಯತಿಯಲ್ಲಿ ಹುಡುಕುವುದು ತಪ್ಪೆಂದು ನನಗೆ ತೋರುತ್ತದೆ. ಶಕುನಿಯು ಮಾಡಿದ ಅಪರಾಧವಾವುದು? ತಂದೆಯ ಎಲುಬಿನಿಂದ ದಾಳಗಳನ್ನು ಮಾಡಿಸಿದನೆಂಬ ಕಥೆ ಜನರ ಬಾಯಲ್ಲಿದೆ, ವ್ಯಾಸಭಾರತದಲ್ಲಿ ಅದಿಲ್ಲ. ಅಲ್ಲಿ ಅವನು ದಾಳದ ಮರ್ಮವನ್ನು ಬಲ್ಲವನು, ಮತ್ತು ಕಪಟಿ. ಎದುರಿನವನು ಕುರುಡಾಗಿ ಆಡುತ್ತಿರುವಾಗ ತಾನೊಬ್ಬನೇ ಕಣ್ಣು ತೆರೆದು ಆಡಿದುದು ಅವನ ಅಪರಾಧ. ಗರವು ಮೊದಲೇ ಗೊತ್ತಾಗಿರುವುದರಲ್ಲಿ ಅನ್ಯಾಯವಿಲ್ಲ. ಒಬ್ಬನಿಗೆ ಮಾತ್ರ ಗೊತ್ತಿರುವುದರಲ್ಲಿದೆ.

ಇಂತಹ ಶಕುನಿಗಳು ಯಂತ್ರಯುಗದಲ್ಲಿಯೂ ಇಲ್ಲದಿಲ್ಲ. ಅಮೆರಿಕದಲ್ಲಿ ಹಲವು ರಾಜ್ಯಗಳ ಲಾಟರಿಗಳ ರಕ್ಷಣೆಗೆಂದು ನೇಮಿತನಾದ ಅಧಿಕಾರಿಯೊಬ್ಬನು ಅಂಕೆಗಳನ್ನಾರಿಸುವ ಯಂತ್ರದೊಳಗೆ ತನ್ನ ಗುಪ್ತ ಸೂತ್ರವನ್ನು ಸೇರಿಸಿದ್ದನು. ವರ್ಷದ ಕೆಲವೇ ದಿನಗಳಲ್ಲಿ ಅದು ಅವನು ಊಹಿಸಬಲ್ಲ ಅಂಕೆಗಳನ್ನು ಕೊಡುತ್ತಿತ್ತು. 2010ರಲ್ಲಿ ಅಯೋವಾದಲ್ಲಿ ಕೊಂಡ ಒಂದು ಚೀಟಿಯಿಂದ ಅವನು ಸಿಕ್ಕಿಬಿದ್ದು 2017ರಲ್ಲಿ ತಪ್ಪೊಪ್ಪಿಕೊಂಡನು. ಕೇಡೆಣಿಸದೆಯೂ ದಾಳ ಕೆಡುವುದುಂಟು. ಇಸ್ಪೀಟು ಹಂಚುವ ಸಂಸ್ಥೆಯೊಂದು ತನ್ನ ಪ್ರಾಮಾಣಿಕತೆಯನ್ನು ತೋರಿಸಲೆಂದೇ ಎಲೆ ಕಲಸುವ ವಿಧಾನವನ್ನು ಪ್ರಕಟಿಸಿತ್ತು. 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆಗೆ 68 ಅಂಕೆಗಳುಂಟು. ಆ ಯಂತ್ರವೋ ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳನ್ನು ಬೀಜವಾಗಿ ಹಿಡಿಯುತ್ತಿದ್ದುದರಿಂದ ದಿನಕ್ಕೆ 8,64,00,000 ಬಗೆಗಳಿಗಿಂತ ಹೆಚ್ಚನ್ನು ಕಾಣದು. ಐದು ಎಲೆಗಳನ್ನು ನೋಡಿ ಉಳಿದವೆಲ್ಲವನ್ನೂ ಹೇಳಬಹುದೆಂದು 1999ರಲ್ಲಿ ಪರೀಕ್ಷಕರು ತೋರಿಸಿಕೊಟ್ಟರು. ಹೀಗಿರುವಲ್ಲಿ ಮಿತ್ರರ ಸಂಶಯವನ್ನು ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ಪಣವಿಲ್ಲದಿದ್ದರೂ ಆಟಗಾರರನ್ನು ಹಿಡಿದಿಟ್ಟುಕೊಂಡಷ್ಟೂ ಅಂಥ ಸಂಸ್ಥೆಗಳಿಗೆ ಲಾಭವುಂಟು.

ಆದರೆ ಸಂಶಯಕ್ಕೆ ಅವಕಾಶವುಂಟೆನ್ನುವುದು ಬೇರೆ, ಅಪರಾಧವನ್ನು ಹೊರಿಸುವುದು ಬೇರೆ. ಮಿತ್ರರ ಬಳಿ ಇದ್ದ ಪ್ರಮಾಣವೇನು? ಸೋತವನ ನೆನಪು. ಎರಡು ದಾಳಗಳಿಗೆ 36 ಗರಗಳು. ಅವುಗಳಲ್ಲಿ ಜೋಡಿ ಆರು ಒಂದು. ಒಂದು ಸಂಜೆ 360 ಸಲ ದಾಳ ಬಿದ್ದರೆ ಸುಮಾರು ಹತ್ತು ಸಲ ಅದು ಬಂದೇ ಬರಬೇಕು. ಇದನ್ನು ಮಕ್ಕಳಿಗೆ ಪಾಠ ಹೇಳಿದವರೇ ಅವರು! ನನಗೆ ಬಿದ್ದ ಜೋಡಿ ನನ್ನ ಜಾಣತನದಲ್ಲಿ ಕರಗಿಹೋಗುತ್ತದೆ. ಎದುರಾಳಿಗೆ ಬಿದ್ದುದು ಮುಳ್ಳಿನಂತೆ ನಾಟಿಕೊಂಡಿರುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಕಾರಣವೊಂದಿದೆ. ನಳೋಪಾಖ್ಯಾನದಲ್ಲಿ ಋತುಪರ್ಣನು ರಥದಲ್ಲಿ ಹೋಗುತ್ತಲೇ ತಾರೆಯ ಮರದ ಎಲೆ ಕಾಯಿಗಳನ್ನು ಎಣಿಸಿ ಹೇಳುತ್ತಾನೆ. ಅಕ್ಷಹೃದಯವನ್ನೂ ಎಣಿಕೆಯನ್ನೂ ಬಲ್ಲವನು ತಾನೆಂದು ಅವನ ಮಾತು. ದ್ಯೂತದಲ್ಲಿ ರಾಜ್ಯವನ್ನು ಕಳೆದುಕೊಂಡ ನಳನು ಬೇಡಿ ಕಲಿತದ್ದು ಆ ವಿದ್ಯೆಯನ್ನು. ದಾಳವನ್ನು ಬಲ್ಲುದೆಂದರೆ ಎಣಿಸಬಲ್ಲುದೆಂದು ನಮ್ಮ ಹಿರಿಯರು ಕಂಡಿದ್ದರು. ಈ ಆಟದಲ್ಲಿಯೂ ಹಾಗೆಯೇ. ನಡುವಿನ ಮನೆಗಳು ತೆರವಾಗಿರುವಾಗ ನನ್ನ ಒಂಟಿ ಕಾಯಿ ಎದುರಾಳಿಗೆ ಆರು ಮನೆ ದೂರದಲ್ಲಿದ್ದರೆ 36 ಗರಗಳಲ್ಲಿ 17 ಅದನ್ನು ಹೊಡೆಯುತ್ತವೆ. ಒಂದೇ ಮನೆ ಸರಿಸಿ ಏಳರಲ್ಲಿಟ್ಟರೆ 6 ಮಾತ್ರ. ನಿಪುಣನು ಏಳರಲ್ಲಿಡುತ್ತಾನೆ; ತನಗಾದರೋ ಯಾವ ಗರ ಬಿದ್ದರೂ ಒದಗುವಂತೆ ಕಾಯಿಗಳನ್ನು ಹರಡುತ್ತಾನೆ. ಅದನ್ನು ಕಾಣದವನಿಗೆ, ಅವನಿಗೆ ಬೇಕಾದುದೇ ಬೀಳುತ್ತಿದೆ ಎಂದು ತೋರುತ್ತದೆ. ಬೀಳುತ್ತಿರುವುದೂ ನಿಜವೇ, ಆದರೆ ಅವನಿಗೆ ಬೇಕಾಗುವಂಥವೇ ಹೆಚ್ಚು.

ಇನ್ನು ದಾಳ ಹಾಕುವ ಸಂಸ್ಥೆಯ ಧರ್ಮ. "ನಂಬಿರಿ" ಎನ್ನುವುದು ಸಾಲದು. ಆಟಕ್ಕೆ ಮುಂಚೆಯೇ ಗರಗಳ ಪಟ್ಟಿಗೆ ಮುದ್ರೆಯೊತ್ತಿದಂತೆ ಒಂದು ಸಂಕೇತವನ್ನು ಆಟಗಾರನ ಕೈಗೆ ಕೊಟ್ಟು, ಮುಗಿದ ಮೇಲೆ ಪಟ್ಟಿಯನ್ನು ಬಿಚ್ಚಿ ತೋರಿಸುವ ಉಪಾಯವುಂಟು; ನಡುವೆ ಒಂದು ಗರವನ್ನು ತಿದ್ದಿದರೂ ಮುದ್ರೆ ಕೂಡುವುದಿಲ್ಲ. ಬೀಜದಲ್ಲಿ ಆಟಗಾರನ ಸಂಖ್ಯೆಯನ್ನೂ ಬೆರೆಸಿದರೆ ಪಟ್ಟಿಯು ಯಾರೊಬ್ಬರ ಇಷ್ಟದಂತೆಯೂ ಆಗಲಾರದು. ಗ್ನೂ ಬ್ಯಾಕ್‌ಗ್ಯಾಮನ್ ಎಂಬ ಉಚಿತ ಕಾರ್ಯಕ್ರಮವು ಇನ್ನೂ ನೇರವಾದ ದಾರಿಯನ್ನಿಟ್ಟಿದೆ: ನಂಬಿಕೆಯಿಲ್ಲದವನು ತನ್ನ ದಾಳವನ್ನೇ ತಂದು ಇಬ್ಬರ ಪರವಾಗಿಯೂ ತಾನೇ ಎಸೆದು, ಬಿದ್ದ ಅಂಕೆಯನ್ನು ಯಂತ್ರಕ್ಕೆ ತಿಳಿಸಿ ಆಡಬಹುದು.

ಇದನ್ನು ನಾನು ಹೇಳಿದಾಗ ಮಿತ್ರರು ಉತ್ತರ ಕೊಡಲಿಲ್ಲ. ಯುಗಾದಿಗೆ ಬರುವಂತೆ ಮಗನಿಗೆ ತಾವೇ ಫೋನ್ ಮಾಡಿದರೆಂದು ಅವರ ಮನೆಯವರಿಂದ ತಿಳಿಯಿತು. ಹಬ್ಬದ ಸಾಯಂಕಾಲ ನಾನು ಹೋದಾಗ ಹುಡುಗನು ಕಂಪ್ಯೂಟರಿನ ಮುಂದೆ ಕುಳಿತಿದ್ದನು. ತಂದೆಯವರು ಜಮಖಾನದ ಮೇಲೆ ಕುಳಿತು ಹಿತ್ತಾಳೆಯ ಲೋಟದಲ್ಲಿ ದಾಳಗಳನ್ನು ಕುಲುಕಿ ಉರುಳಿಸುತ್ತ ಅಂಕೆಗಳನ್ನು ಕೂಗಿ ಹೇಳುತ್ತಿದ್ದರು. ಆಟವು ಕಡೆಯ ಹಂತದಲ್ಲಿತ್ತು. ಯಂತ್ರದ ಸರದಿ. ಮಿತ್ರರು ಲೋಟವನ್ನು ಬಹಳ ಹೊತ್ತು ಕುಲುಕಿ ಉರುಳಿಸಿದರು. ಜೋಡಿ ಆರು. ಮಗನು ತಂದೆಯ ಮುಖವನ್ನು ನೋಡಿದನು, ಏನೂ ಅನ್ನಲಿಲ್ಲ. ಅವರು ತಮ್ಮ ಅಂಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡು, "ಬರೆದುಕೊ" ಎಂದರು.